ಘಾಟಿ ತಿರುವಿನಲ್ಲಿ ಸೈಕಲ್ಲು

ಜಯಪುರದಿಂದ ಕೊಪ್ಪದ ಕಡೆ ಹೊರಟರೆ ರಸ್ತೆ ನೆಟ್ಟಗಿರೋದೇ ಅಪರೂಪ. ಒಂದು ಕಡೆ ಧರೆ, ಇನ್ನೊಂದು ಕಡೆ ತೋಟ. ಮಳೆಗಾಲದಲ್ಲಿ ಅಂಚಿಗೆಲ್ಲ ಪಾಚಿ, ಮೇಲಿಂದ ಮಂಜು ಬೇರೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಸೈಕಲ್ ಬಂತು, ಓಡಿಸೋಕೆ ಜಾಗ ಬರಲಿಲ್ಲ!

ಡ್ರೈವರಣ್ಣ, ಏರು ಹತ್ತುವ ಸೈಕಲ್ಲು ಓಲಾಡುತ್ತೆ. ತಿರುವಿನಲ್ಲಿ ಓವರ್‌ಟೇಕ್ ಬೇಡ. ಇಕ್ಕಟ್ಟಾದ ಘಾಟಿಯಲ್ಲಿ ಇಳಿಯುವ ವಾಹನವೇ ನಿಂತು, ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಇದು ಸೌಜನ್ಯ ಅಲ್ಲ, ಕಾನೂನು.

ಮಕ್ಕಳೇ, ನಿಮ್ಮ ಪಾಲೂ ಇದೆ. ಹರಟೆ ಹೊಡೆಯುತ್ತಾ ರಸ್ತೆ ತುಂಬ ಅಕ್ಕಪಕ್ಕ ಹೋಗಬೇಡಿ. ನೆನೆದ ರಿಮ್ಮಿಗೆ ಬ್ರೇಕ್ ತಡವಾಗಿ ಹಿಡಿಯುತ್ತೆ. ಇಳಿಜಾರಿಗೆ ಮುಂಚೆಯೇ ಹಿಡಿದು ನೋಡಿ. ಒಂದು ಕೈಯಲ್ಲಿ ಕೊಡೆಯಂತೂ ಬೇಡವೇ ಬೇಡ. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಇವತ್ತೇ ಹಾಕಿಸಿ.