ಮೊದಲು ಕಮಾನು, ಆಮೇಲೆ ಚರಂಡಿ

ತುಮಕೂರಿನ ಸುತ್ತ ರಾಗಿ ಹೊಲ ಬಡಾವಣೆಯಾಗುವಾಗ ಮೊದಲು ಏಳುವುದು ಕಮಾನು. ಕುಣಿಗಲ್ ರಸ್ತೆಯಲ್ಲೋ ಗುಬ್ಬಿ ರಸ್ತೆಯಲ್ಲೋ ಹೋಗುತ್ತಿದ್ದರೆ ಬಟಾಬಯಲಿನಲ್ಲಿ ಒಂದು ಸಿಮೆಂಟ್ ಕಮಾನು, ಅದರ ಮೇಲೆ ಯಾವುದೋ ದೇವರ ಹೆಸರಿನ ‘ನಗರ’ವೋ ‘ಎನ್‌ಕ್ಲೇವ್’ಓ, ಹಿಂದೆ ತಲೆಗೆ ಬಣ್ಣ ಹಚ್ಚಿಕೊಂಡ ಕಲ್ಲುಗಳ ಸಾಲು. ಒಳಗಿನ ಜಲ್ಲಿ ರಸ್ತೆ ಮೂವತ್ತು ಅಡಿ ಅಗಲ. ಬೇಲಿ ದಾಟಿದರೆ ಹಳೇ ಗಾಡಿದಾರಿ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಎರಡು ವರ್ಷದಲ್ಲಿ ಪಕ್ಕದ ಹೊಲದವನೂ ಸೈಟ್ ಮಾಡುತ್ತಾನೆ. ಅವನ ರಸ್ತೆಗೂ ಇವನ ರಸ್ತೆಗೂ ಕೂಡುವುದಿಲ್ಲ. ಇವನ ಎರಡನೇ ಕ್ರಾಸ್ ಹೋಗಿ ಮುಟ್ಟುವುದು ಅವನ ಯಾವುದೋ ಸೈಟಿನ ಹಿಂಗೋಡೆಗೆ. ಊರು ಬೆಳೆಯುತ್ತಿರುವುದು ಹೀಗೆ, ಗುಂಟೆ ಲೆಕ್ಕದಲ್ಲಿ.

ಕಾಗದದ ಪ್ರಕಾರ ಹೀಗಾಗಬಾರದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಊರಿಗೊಂದು ಮಹಾಯೋಜನೆ ಇರಬೇಕು, ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ನಕ್ಷೆಯಲ್ಲಿ ವಸತಿಗೆ ಹಳದಿ, ಬೇಸಾಯಕ್ಕೂ ಉದ್ಯಾನಕ್ಕೂ ಹಸಿರು. ಆದರೆ ಹಸಿರಿನಲ್ಲಿ ಆಗಲೇ ಮನೆ ಎದ್ದಿರುತ್ತವೆ, ಗೃಹಪ್ರವೇಶದ ಹೋಳಿಗೆ ಊಟವೂ ಮುಗಿದಿರುತ್ತದೆ. ಪರಿಷ್ಕರಣೆ ಎಂಬುದು ಬಹುಪಾಲು ಆಗಿಹೋದದ್ದಕ್ಕೆ ಹಳದಿ ಬಳಿಯುವ ಕೆಲಸ. ಅಷ್ಟು ವರ್ಷ ಕಾಯಲಾರದವರಿಗೆ ಭೂಬಳಕೆ ಬದಲಾವಣೆಯ ಕಲಂ ಇದ್ದೇ ಇದೆ.

ಇಷ್ಟಕ್ಕೂ ಯಾವ ಲೆಕ್ಕ ಹಿಡಿದು ಯೋಜನೆ ಮಾಡುವುದು? 2011ರ ಜನಗಣತಿಯಲ್ಲಿ ತುಮಕೂರಿನ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಈ ನಡುವೆ ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಯಿತು, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರಿಗೂ ಒಂದು ಕೈಗಾರಿಕಾ ವಲಯ ಮಂಜೂರಾಯಿತು. ಬೆಂಗಳೂರು ಎಪ್ಪತ್ತೇ ಕಿಲೋಮೀಟರ್. ಬೆಳಗಿನ ರೈಲಿನಲ್ಲಿ ಅಲ್ಲಿಗೆ ದುಡಿಯಲು ಹೋಗಿ ರಾತ್ರಿ ಮಲಗಲಷ್ಟೇ ಊರಿಗೆ ಬರುವವರನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸುವುದು?

ನನ್ನ ಮಟ್ಟಿಗೆ ಈ ಊರಿನ ಯೋಜನೆ ಶುರುವಾಗಬೇಕಾದದ್ದು ರಸ್ತೆಯಿಂದಲ್ಲ, ನೀರಿನಿಂದ. ತುಮಕೂರಿಗೆ ತನ್ನದೆನ್ನುವ ತುಂಬು ನದಿ ಇಲ್ಲ. ಶಿಂಷಾ, ಜಯಮಂಗಲಿ ಹುಟ್ಟುವುದು ಹತ್ತಿರದ ದೇವರಾಯನದುರ್ಗದ ಕಡೆಯೇ, ಆದರೆ ಹುಟ್ಟುವ ಜಾಗದಲ್ಲಿ ಯಾವ ನದಿಯೂ ಊರಿಗೆ ನೀರು ಕೊಡುವಷ್ಟು ಇರುವುದಿಲ್ಲ. ಕುಡಿಯುವ ನೀರು ಹಾಸನ ಜಿಲ್ಲೆಯ ಗೊರೂರಿನ ಹೇಮಾವತಿ ಜಲಾಶಯದಿಂದ ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಬೇಕು. ಕಾಲುವೆಯಲ್ಲಿ ನೀರು ಹರಿಯುವುದು ಕೆಲವೇ ತಿಂಗಳು. ಉಳಿದ ಕಾಲಕ್ಕೆ ಕೆರೆಯಲ್ಲಿ ಹಿಡಿದಿಟ್ಟದ್ದೇ ಗತಿ. ‘ಹೇಮಾವತಿ ಬಿಟ್ರಂತಾ?’ ಎಂಬುದು ಇಲ್ಲಿ ಹವಾಮಾನ ವಿಚಾರಿಸಿದಷ್ಟೇ ಸಹಜವಾದ ಪ್ರಶ್ನೆ. ಅದೇ ನೀರನ್ನು ಎಕ್ಸ್‌ಪ್ರೆಸ್ ಕೆನಾಲ್‌ನಲ್ಲಿ ಮುಂದಕ್ಕೆ ಒಯ್ಯುವ ಯೋಜನೆಗೆ ಜಿಲ್ಲೆ ಹೇಗೆ ಸಿಡಿದೆದ್ದಿತೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು.

ಈಗ ಒಂದು ಸಣ್ಣ ಗುಣಾಕಾರ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಎಂಜಿನಿಯರುಗಳ ಅಳತೆ. ಊರಿಗೆ ಒಂದು ಲಕ್ಷ ಜನ ಹೆಚ್ಚಿದರೆ ದಿನಕ್ಕೆ 1.35 ಕೋಟಿ ಲೀಟರ್ ಹೆಚ್ಚು ಬೇಕು. ಅದರಲ್ಲಿ ಶೇ 80ರಷ್ಟು, ಅಂದರೆ ಒಂದು ಕೋಟಿ ಲೀಟರಿಗೂ ಮಿಕ್ಕಿ, ಕೊಳೆನೀರಾಗಿ ಮನೆಯಿಂದ ಹೊರಬೀಳುತ್ತದೆ. ಮೊದಲನೆಯ ಅಂಕಿಯನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ. ಅದು ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ತುಮಕೂರಿನಲ್ಲಿ ಇಳಿಜಾರೆಂದರೆ ಕೆರೆ. ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಬೀಳುವಂತೆ ಹಳಬರು ಕಟ್ಟಿದ ಕೆರೆಗಳ ಸರಣಿಯಲ್ಲೇ ಈಗ ಕೊಳಚೆಯೂ ಪ್ರಯಾಣ ಮಾಡುತ್ತಿದೆ. ಭೀಮಸಂದ್ರದ ಕೆರೆ ಬಳಿ ಗಾಳಿ ತಿರುಗಿದಾಗ ನಿಂತು ನೋಡಿದರೆ ಈ ಮಾತಿಗೆ ಬೇರೆ ಪುರಾವೆ ಬೇಡ. ಕೋಡಿ ಕಾಲುವೆಯ ಎರಡೂ ಬದಿ ಇಷ್ಟು ಅಡಿ ಯಾರೂ ಮುಟ್ಟಕೂಡದು ಎಂದು ಕಲ್ಲು ನೆಡುವುದಿದ್ದರೆ ಅದು ಕಮಾನು ಏಳುವ ಮೊದಲೇ ಆಗಬೇಕು. ಆಮೇಲೆ ನೆಟ್ಟರೆ ಕೋರ್ಟು, ತಡೆಯಾಜ್ಞೆ, ಇಪ್ಪತ್ತು ವರ್ಷ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೇಂದ್ರ, ರಾಜ್ಯದ ಹಣ ಬಂತು, ಹಳೇ ಊರಿನ ರಸ್ತೆಗಳೂ ಅಮಾನಿಕೆರೆಯ ಅಂಗಳವೂ ರೂಪ ಬದಲಿಸಿದವು. ಸಂಜೆ ಅಲ್ಲಿ ವಾಕಿಂಗ್ ಮಾಡುವವರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಊರು ನಿಜವಾಗಿ ಹಿಗ್ಗುತ್ತಿದ್ದ ಅಂಚು ಬಹುಮಟ್ಟಿಗೆ ಆ ಯೋಜನೆಯ ಕಣ್ಣಿಗೆ ಬೀಳಲಿಲ್ಲ. ಅಂಚು ಯಾರದು ಎಂಬುದೇ ಒಂದು ತಕರಾರು. ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಹನ್ನೆರಡನೇ ಅನುಸೂಚಿಯ ಮೊದಲ ಬಾಬತ್ತಾಗಿಯೇ ಪಟ್ಟಿ ಮಾಡಿತು, ನಗರಸಭೆ–ಪಾಲಿಕೆಗಳಿಗೆ ಸೇರಬೇಕಾದ ಕೆಲಸವೆಂದು. ಅದು 1993ರ ಜೂನ್‌ನಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಇಂದಿಗೂ ನಕ್ಷೆ ಬರೆಯುವುದು ಅಭಿವೃದ್ಧಿ ಪ್ರಾಧಿಕಾರ, ಹೊರವಲಯದಲ್ಲಿ ಖಾತೆ ಕೊಡುವುದು ಪಂಚಾಯಿತಿ, ಜಮೀನು ಪರಿವರ್ತಿಸುವುದು ಕಂದಾಯ ಇಲಾಖೆ. ಕಡೆಗೆ ಚರಂಡಿ ಕಟ್ಟಿಕೊಂಡಾಗ ಬೈಸಿಕೊಳ್ಳುವವನು ಮಾತ್ರ ವಾರ್ಡಿನ ಸದಸ್ಯ.

ಗುಜರಾತಿನವರು ಬೇರೆ ದಾರಿ ಹಿಡಿದರು. ಅಲ್ಲಿನ 1976ರ ಕಾಯ್ದೆಯ ಟಿ.ಪಿ. (ಟೌನ್ ಪ್ಲಾನಿಂಗ್) ಸ್ಕೀಮಿನಲ್ಲಿ ಒಂದು ಪ್ರದೇಶದ ಜಮೀನುಗಳನ್ನೆಲ್ಲ ಒಟ್ಟಿಗೆ ನೋಡಿ, ರಸ್ತೆ, ಶಾಲೆ, ಉದ್ಯಾನಕ್ಕೆ ಪ್ರತಿ ಮಾಲೀಕನಿಂದ ಒಂದು ಪಾಲು ತೆಗೆದು, ಉಳಿದದ್ದನ್ನು ನೆಟ್ಟಗಿನ ನಿವೇಶನವಾಗಿ ಅವನಿಗೇ ಹಿಂದಿರುಗಿಸುತ್ತಾರೆ. ಅಹಮದಾಬಾದಿನ ಬಹುಭಾಗ ಬೆಳೆದದ್ದು ಹೀಗೆ. ಅಲ್ಲಿಯೂ ಸ್ಕೀಮುಗಳು ಮುಗಿಯಲು ವರ್ಷಗಟ್ಟಲೆ ಎಳೆದಾಡುತ್ತವೆ, ನಿಜ. ಆದರೂ ಎರಡನೇ ಕ್ರಾಸ್ ಹಿಂಗೋಡೆಗೆ ಹೋಗಿ ಮುಟ್ಟುವ ಫಜೀತಿಗೆ ಅದರಲ್ಲಿ ಮದ್ದಿದೆ.

ಈಚೆಗೆ ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಮಾತು ಎದ್ದಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೆದ್ದಾರಿ ಬದಿಯ ಒಂದು ಬಡಾವಣೆ ನೋಡಲು ಹೋಗಿದ್ದೆ. ಸೈಟ್ ತೋರಿಸುವ ಹುಡುಗ ಬಹಳ ಮರ್ಯಾದೆಯವನು. ‘ಮೆಟ್ರೊ ಬರುತ್ತೆ ಸಾರ್, ರೇಟು ಡಬಲ್’ ಎಂದ. ಹೇಮಾವತಿ ನೀರು? ‘ಬರುತ್ತೆ ಸಾರ್, ಸದ್ಯಕ್ಕೆ ಬೋರ್ ಇದೆ.’ ಮತ್ತೆ ಮನೆಗಳ ಕೊಳೆನೀರು ಎಲ್ಲಿಗೆ ಹೋಗುತ್ತಪ್ಪಾ ಎಂದು ಕೇಳಿದೆ. ಅವನು ತಗ್ಗಿನ ಕಡೆ ಕೈ ತೋರಿಸಿ, ‘ಸದ್ಯಕ್ಕೆ ಆ ಹೊಲಕ್ಕೆ’ ಎಂದ.

ಆ ಹೊಲದಲ್ಲಿ ಇಬ್ಬರು ಟೇಪು ಹಿಡಿದು ಕಲ್ಲು ನೆಡುತ್ತಿದ್ದರು.