ಮೇಲುಕೋಟೆಗೆ ಮಣ್ಣಿನ ದಾರಿ

"ತಾತ, ಟಾರ್ ರೋಡಲ್ಲಿ ಹೋದ್ರೆ ಏನು ಮಜಾ? ಎತ್ತಿನ ಗಾಡಿ ಹೋಗೋ ದಾರೀಲಿ ಹೋಗೋಣ."

ಏಳನೆಯ ತರಗತಿಯ ಮೊಮ್ಮಗಳು ಹೀಗೆಂದಾಗ ನಾನು ನಕ್ಕುಬಿಟ್ಟೆ. ನಾನು ಹೈಸ್ಕೂಲಿಗೆ ಸೈಕಲ್ ತುಳಿದದ್ದೆಲ್ಲ ಎತ್ತಿನ ಗಾಡಿಯ ದಾರಿಯಲ್ಲೇ. ಆಗ ನಮಗೆ ಬೇರೆ ದಾರಿ ಇರಲಿಲ್ಲ. ಈಗ ಬೇರೆ ದಾರಿ ಇದ್ದೂ ಜನ ಮಣ್ಣಿನ ದಾರಿಯನ್ನೇ ಹುಡುಕಿಕೊಂಡು ಹೋಗುತ್ತಾರಂತೆ. ಅದಕ್ಕೆಂದೇ ಬೇರೆ ಸೈಕಲ್ಲು ಬಂದಿದೆ, 'ಗ್ರಾವೆಲ್ ಸೈಕಲ್' ಎಂಬ ಹೆಸರೂ ಬಂದಿದೆ. ಗ್ರಾವೆಲ್ ಎಂದರೆ ನಮ್ಮ ಗರಸು, ಜಲ್ಲಿ.

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಗಾಡಿದೆ. ಕಲ್ಲು ಜಾಸ್ತಿಯಾದ್ದರಿಂದ ಅಲ್ಲಿ ನೇಗಿಲು ಹೂಡಲಾಗಲಿಲ್ಲ, ಹುಲ್ಲುಗಾವಲು ಹಾಗೇ ಉಳಿಯಿತು. ಅಲ್ಲಿನ ಜಲ್ಲಿ ದಾರಿಗಳಲ್ಲಿ 2006ರಿಂದ 200 ಮೈಲಿಯ ಸೈಕಲ್ ಪಂದ್ಯ ನಡೆಯುತ್ತಿದೆ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟಗಳ ನಡುವೆ ಸುಣ್ಣದ ಬಣ್ಣದ ಮಣ್ಣುದಾರಿಗಳಿವೆ. ಅವನ್ನು ಡಾಂಬರು ನುಂಗಿಬಿಡಬಾರದೆಂದು 1997ರಲ್ಲಿ 'ಎರೋಯಿಕಾ' ಎಂಬ ಸೈಕಲ್ ಸವಾರಿ ಶುರು ಮಾಡಿದರು. 1987ಕ್ಕೂ ಹಿಂದಿನ ಮಾದರಿಯ ಹಳೆಯ ಸೈಕಲ್ಲುಗಳಿಗೇ ಅಲ್ಲಿ ಮರ್ಯಾದೆ. 2022ರಲ್ಲಿ ಗ್ರಾವೆಲ್ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ಇಟಲಿಯಲ್ಲೇ ನಡೆಯಿತು.

ಇದನ್ನೆಲ್ಲ ಕೇಳಿದ ಮೇಲೆ ಮೊಮ್ಮಗಳು, "ನಮಗೆ ಇಟಲಿ ಯಾಕೆ ತಾತ, ಮೇಲುಕೋಟೆ ಇದೆಯಲ್ಲ" ಎಂದಳು. ಪಾಂಡವಪುರದ ನಮ್ಮ ಮನೆಯಿಂದ ಮೇಲುಕೋಟೆಗೆ ಡಾಂಬರು ರಸ್ತೆಯಲ್ಲಿ ಸುಮಾರು 25 ಕಿಲೋಮೀಟರು. ಹೊಲಗಳ ನಡುವಿನ ದಾರಿ ಹಿಡಿದರೆ ಇನ್ನೊಂದಿಷ್ಟು. ಡಿಸೆಂಬರ್ ಮೊದಲ ಭಾನುವಾರ ಹೊರಡುವುದೆಂದು ತೀರ್ಮಾನವಾಯಿತು.

ಸೊಸೆಗೆ ಮನಸ್ಸಿರಲಿಲ್ಲ. ಹುಡುಗಿಗೆ ಹನ್ನೆರಡು, ನನಗೆ ಎಪ್ಪತ್ತೆರಡು. ಯಾರು ಯಾರನ್ನು ನೋಡಿಕೊಳ್ಳಬೇಕು ಎಂಬುದೇ ಅವಳ ಪ್ರಶ್ನೆ. ಕೊನೆಗೆ, "ಮಾವ, ಎಲ್ಲಿಗಾದ್ರೂ ಹೋಗಿ, ನಾಲೆ ಏರಿ ಮೇಲೆ ಮಾತ್ರ ಬೇಡ" ಎಂದಳು. ಆ ಮಾತಿಗೆ ಕಾರಣವಿದೆ. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಈ ಸೀಮೆಯ ತಾಯಂದಿರು ಅದನ್ನು ಮರೆತಿಲ್ಲ. ನಾನು ಮಾತು ಕೊಟ್ಟೆ.

ಹೊರಡುವ ಹಿಂದಿನ ಸಂಜೆ ಮೊಮ್ಮಗಳನ್ನು ನಾಲೆಯ ಸೇತುವೆಗೆ ಕರೆದುಕೊಂಡು ಹೋಗಿ ದೂರದಿಂದಲೇ ತೋರಿಸಿದೆ. ಕೃಷ್ಣರಾಜಸಾಗರದಿಂದ ಹೊರಟು ಮಂಡ್ಯ ಸೀಮೆಗೆಲ್ಲ ನೀರುಣಿಸುವ ನಾಲೆ ಇದು. ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು. "ಸುತ್ತ ಗುಡ್ಡ ಇದ್ದರೂ ಏರಿ ಮಾತ್ರ ಹೇಗೆ ಮಟ್ಟಸವಾಗಿದೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನೀರು ಹತ್ತುವುದಿಲ್ಲ, ಧುಮುಕಿದರೆ ದಡ ಕೊರೆಯುತ್ತದೆ. ಆದ್ದರಿಂದ ನಾಲೆಯನ್ನು ಗುಡ್ಡದ ಸೊಂಟದ ಸುತ್ತ, ಸ್ವಲ್ಪವೇ ಇಳಿಜಾರು ಕೊಟ್ಟು ಒಯ್ಯುತ್ತಾರೆ. ಹುಲಿಕೆರೆಯ ಬಳಿ ಗುಡ್ಡ ಅಡ್ಡ ಬಂದಾಗ ಸುರಂಗವನ್ನೇ ಕೊರೆದರು. ನಾಲೆ ಎಷ್ಟು ಮಟ್ಟಸವೋ ಅದರ ಪಕ್ಕದ ದಾರಿಯೂ ಅಷ್ಟೇ ಮಟ್ಟಸ. ಸೈಕಲ್ಲಿನವರಿಗೆ ಆಸೆ ಹುಟ್ಟುವುದು ಅದಕ್ಕೇ. ಆದರೆ ತಡೆಗೋಡೆ ಇಲ್ಲದ ಕಡೆ ಆ ಆಸೆ ಬೇಡ.

ಅದೇ ರಾತ್ರಿ ಸೈಕಲ್ ತಯಾರಿ. ನನಗೆ ಮಗನ ಗೇರ್ ಸೈಕಲ್, ಅವಳಿಗೆ ಅವಳದು. ಗೋಡೆಗೆ ಒರಗಿದ್ದ ನನ್ನ ಹಳೆಯ ಕರಿ ಸೈಕಲ್ಲಿನ ಟಯರನ್ನು ಅವಳು ಸ್ಕೇಲ್ ಹಿಡಿದು ಅಳೆದಳು. ಒಂದೂವರೆ ಇಂಚು, ಅಂದರೆ 38 ಮಿಲಿಮೀಟರು. ಪಂದ್ಯದ ರಸ್ತೆ ಸೈಕಲ್ಲುಗಳ ಟಯರು 25ರಿಂದ 28 ಮಿಲಿಮೀಟರಿನ ಆಸುಪಾಸು, ಗ್ರಾವೆಲ್ ಸೈಕಲ್ಲಿನದು 40ರ ಆಸುಪಾಸು. "ಹಂಗಾದ್ರೆ ಹಾಲಿನವರದ್ದೂ ಗ್ರಾವೆಲ್ ಸೈಕಲ್ಲೇ!" ಎಂದು ಕುಣಿದಳು. ಟಯರಿನ ಮಟ್ಟಿಗೆ ಅದು ನಿಜ. ನಮ್ಮ ಹಳ್ಳಿದಾರಿಗೆ ತಕ್ಕಂತೆ ಹಿಂದಿನವರು ಅಗಲದ ಟಯರನ್ನೇ ಹಾಕಿಸಿದ್ದರು.

ವ್ಯತ್ಯಾಸವಿರುವುದು ಹಲ್ಲಿನ ಲೆಕ್ಕದಲ್ಲಿ. ಹಳೆಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಏರಿನಲ್ಲಿ ತೊಡೆ ನೋಯುವುದು ಅದರಿಂದಲೇ. ಮೊಮ್ಮಗಳ ಸೈಕಲ್ಲಿನಲ್ಲಿ ಮುಂದೆ 32, ಹಿಂದೆಯೂ 32 ಹಲ್ಲಿನ ಗೇರಿದೆ. ಒಂದು ಸುತ್ತಿಗೆ ಒಂದೇ ಸುತ್ತು. ನಿಧಾನ, ಆದರೆ ಹಗುರ. ಮಕ್ಕಳೇ, ನಿಮ್ಮ ಸೈಕಲ್ಲಿನ ಹಲ್ಲುಗಳನ್ನು ಒಮ್ಮೆ ಎಣಿಸಿ ಭಾಗಿಸಿ ನೋಡಿ. ಏರು ಯಾಕೆ ಕಷ್ಟ ಅಥವಾ ಸುಲಭ ಎಂಬುದು ಕಾಗದದ ಮೇಲೇ ಗೊತ್ತಾಗುತ್ತದೆ.

ಟಯರಿಗೆ ಗಾಳಿಯನ್ನು ಸ್ವಲ್ಪ ಕಡಿಮೆ ಹಿಡಿದೆವು. ಗಟ್ಟಿಯಾಗಿ ಗಾಳಿ ತುಂಬಿದ ಟಯರು ಕಲ್ಲು ಸಿಕ್ಕಾಗ ಎಗರುತ್ತದೆ. ತುಸು ಮೆತ್ತಗಿದ್ದರೆ ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ತೀರಾ ಕಡಿಮೆಯಾದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಇದರ ಹದ ದೋಸೆ ಹಿಟ್ಟಿನ ಹದದ ಹಾಗೆ, ಮಾಡಿ ಮಾಡಿಯೇ ಕಲಿಯಬೇಕು.

ಬೆಳಗ್ಗೆ ಆರಕ್ಕೆ ಹೊರಟೆವು. ತಲೆಗೆ ಹೆಲ್ಮೆಟ್, ಬ್ಯಾಗಿನಲ್ಲಿ ನೀರು, ಬೆಲ್ಲ, ಕಡಲೆಕಾಯಿ ಬೀಜ, ಪಂಕ್ಚರ್ ಸಾಮಾನು. ಕುಂತಿಬೆಟ್ಟದ ಬಂಡೆಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ನಮ್ಮ ಊರಿಗೆ ಹಿಂದೆ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ನಾಗಮಂಗಲದ ಕಡೆಯಿಂದ ಇಳಿದು ಬರುವ ಲೋಕಪಾವನಿ ಹೊಳೆ ಈ ಗುಡ್ಡಗಾಡಿನ ನೀರನ್ನು ಕೂಡಿಸಿಕೊಂಡು ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಗುಡ್ಡ, ಹಳ್ಳ, ಮತ್ತೆ ಗುಡ್ಡ. ನಮ್ಮ ದಾರಿಯೂ ಹಾಗೇ ಏರಿ ಇಳಿಯುತ್ತಿತ್ತು.

ಮೊದಲ ಪಾಠ ಕಲಿಸಿದ್ದು ಡಾಂಬರು ರಸ್ತೆಯೇ. ಒಕ್ಕಣೆಗೆಂದು ರೈತರು ಹುರುಳಿಯನ್ನು ರಸ್ತೆಗೆ ಹರಡಿದ್ದರು. ಸೈಕಲ್ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋದೆವು. "ಕಾಳಿನ ಮೇಲೆ ಗಾಲಿ ಹೇಗೆ ಜಾರುತ್ತೋ ಸಡಿಲ ಜಲ್ಲಿಯ ಮೇಲೂ ಹಾಗೇ ಜಾರುತ್ತೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿ, ತಿರುವಿನಲ್ಲಿ ಹಿಡಿಯಬೇಡ. ಮುಂದಿನ ಬ್ರೇಕಂತೂ ಬೇಡವೇ ಬೇಡ" ಎಂದು ದೊಡ್ಡ ಮೇಷ್ಟರ ಹಾಗೆ ಹೇಳಿಕೊಟ್ಟೆ. ಅವಳು ತಲೆಯಾಡಿಸಿದಳು. ಈ ಪಾಠವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಣ್ಣೂರು ಕೆರೆ ತಲುಪುವಾಗ ಬಿಸಿಲು ಬಂದಿತ್ತು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಕೆರೆ ಇದು. ಕಟ್ಟಿಸಿದವರು ರಾಮಾನುಜಾಚಾರ್ಯರು ಎಂದು ಜನ ಹೇಳುತ್ತಾರೆ. ಹೈದರಾಬಾದಿನ ನಾಸಿರ್ ಜಂಗ್ ನೀರಿನ ತಿಳಿಯನ್ನು ನೋಡಿ 'ಮೋತಿ ತಲಾಬ್', ಅಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ನೀರು ಈಗಲೂ ತಿಳಿಯಾಗಿದೆ. ದಡದಲ್ಲಿ ಕೂತು ಬೆಲ್ಲ, ಕಡಲೆಕಾಯಿ ಬೀಜ ತಿಂದೆವು. ಮೊಮ್ಮಗಳು ಸಿಪ್ಪೆಯನ್ನೂ ಬಿಡದೆ ಬ್ಯಾಗಿಗೆ ಹಾಕಿಕೊಂಡಳು.

ತೊಣ್ಣೂರಿನಿಂದ ಆಚೆ ಗರಸು ದಾರಿ. ಒಂದು ಪಕ್ಕ ಕೊಯ್ದ ರಾಗಿ ಹೊಲ, ಇನ್ನೊಂದು ಪಕ್ಕ ಹುಣಸೆ ಮರ. ಗಾಲಿಯ ಕೆಳಗೆ ಕರಕರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಾರನ್ ಇಲ್ಲ, ಲಾರಿ ಇಲ್ಲ. ಕುರಿ ಮೇಯಿಸುತ್ತಿದ್ದವರೊಬ್ಬರನ್ನು ದಾರಿ ಕೇಳಿದೆ.

"ಮೇಲ್ಕೋಟೆಗಾ ಯಜಮಾನ್ರೆ? ಈ ದಾರೀಲಿ ಕಾರು ಹೋಗಕಿಲ್ಲ. ಸೈಕಲ್ಲು ಹೋಯ್ತದೆ. ಹಳ್ಳದ ತಾವ ಮಾತ್ರ ಇಳ್ಕೊಂಡು ಹೋಗಿ, ಮರಳು ಅದೆ."

ಮೊಬೈಲಿನ ನಕ್ಷೆಯಲ್ಲಿ ಹಳ್ಳವೇ ಇರಲಿಲ್ಲ. ನಿಜಕ್ಕೂ ಹಳ್ಳದಲ್ಲಿ ಮೊಣಕಾಲು ಮುಟ್ಟುವಷ್ಟು ಮರಳಿತ್ತು. ಆ ಮಾತು ಕೇಳಿದ್ದಕ್ಕೆ ನಾವು ಬೀಳಲಿಲ್ಲ.

ಜಕ್ಕನಹಳ್ಳಿ ದಾಟಿದ ಮೇಲೆ ಬೆಟ್ಟದ ಏರು. ಮೊಮ್ಮಗಳು ಹಗುರ ಗೇರಿನಲ್ಲಿ ಹಾಡು ಗುನುಗುತ್ತಾ ಹತ್ತಿದಳು. ನಾನು ಅರ್ಧದಲ್ಲಿ ಇಳಿದು ತಳ್ಳಿದೆ. ಇಳಿಯುವುದೋ ಬೇಡವೋ ಎಂದು ಒಂದು ಗಳಿಗೆ ನಾಚಿಕೆಯಾದದ್ದು ನಿಜ. ಆದರೆ ನನ್ನ ವಯಸ್ಸಿನವರಿಗೆ ಒಂದು ಮಾತು. ಮಾತಾಡುತ್ತಾ ತುಳಿಯಲು ಸಾಧ್ಯವಾದರೆ ತುಳಿಯಿರಿ. ಮಾತು ನಿಂತರೆ ಇಳಿಯಿರಿ. ಹೊರಡುವ ಮೊದಲು ನಾನು ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದಿದ್ದೆ. ನೀವೂ ಹಾಗೇ ಮಾಡಿ.

ಮೇಲುಕೋಟೆ ಸೇರಿದಾಗ ಮೀಟರು 31 ಕಿಲೋಮೀಟರು ತೋರಿಸಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ಮೇಲೆ ಬೆಟ್ಟದ ನೆತ್ತಿಯಲ್ಲಿ ಯೋಗನರಸಿಂಹ, ಕೆಳಗೆ ಚೆಲುವನಾರಾಯಣ. ಕವಿ ಪು.ತಿ.ನ. ಹುಟ್ಟಿದ ಊರು ಇದೇ ಎಂದು ಹೇಳಿದೆ. ಇಲ್ಲಿನ ಕಾಡನ್ನು ತೋಳಗಳ ರಕ್ಷಣೆಗೆಂದು 1974ರಲ್ಲಿ ವನ್ಯಜೀವಿ ಧಾಮ ಮಾಡಿದ್ದನ್ನೂ ಹೇಳಿದೆ. ಅದನ್ನು ಕೇಳಿದ ಮೇಲೆ ಬೇಗ ಹೊರಡುವ ಆತುರ ಅವಳಿಗೇ ಹೆಚ್ಚಾಯಿತು.

ಬರುವಾಗ ಬೆಟ್ಟ ಇಳಿದು ಜಕ್ಕನಹಳ್ಳಿಯ ಆಚೆ ಇನ್ನೊಂದು ಮಣ್ಣುದಾರಿ ಹಿಡಿದೆವು. ಅದು ಇಳಿಜಾರಿನ ದಾರಿ. ನಾನು ಮುಂದೆ, ಅವಳು ಹಿಂದೆ. ಅವಳು ಬರುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡಿದೆ. ಮುಂದೆ ನೋಡುವಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತು. ಗಾಬರಿಯಲ್ಲಿ ಮುಂದಿನ ಬ್ರೇಕನ್ನೇ ಅದುಮಿದೆ. ಮುಂಗಾಲಿ ಜಲ್ಲಿಯ ಮೇಲೆ ಜಾರಿತು. ನಾನು ಒಂದು ಕಡೆ, ಸೈಕಲ್ಲು ಒಂದು ಕಡೆ. ಬೆಳಗ್ಗೆ ಪಾಠ ಹೇಳಿದ ಮೇಷ್ಟರೇ ಪರೀಕ್ಷೆಯಲ್ಲಿ ಫೇಲಾದರು.

ಮೊಮ್ಮಗಳು ಮೊದಲೇ ನಿಧಾನ ಮಾಡಿದ್ದರಿಂದ ಸರಿಯಾಗಿ ನಿಂತಳು. ಅಳಲಿಲ್ಲ. ಬಾಟಲಿ ನೀರಿನಿಂದ ನನ್ನ ಮೊಣಕೈ, ಮೊಣಕಾಲು ತೊಳೆದು ಕರವಸ್ತ್ರ ಕಟ್ಟಿದಳು. ತಲೆಗೆ ಏನೂ ಆಗಿರಲಿಲ್ಲ, ಹೆಲ್ಮೆಟ್ಟಿನ ಮೇಲೆ ಗೀರು ಬಿದ್ದಿತ್ತು. "ಏನಾಗಿಲ್ಲ, ಹತ್ತು" ಎಂದು ಎದ್ದೆ. ಅವಳು ನನ್ನ ಕೈ ಹಿಡಿದು ನೋಡಿದಳು.

"ತಾತ, ನಿಮ್ಮ ಕೈ ನಡುಗ್ತಿದೆ. ಬ್ರೇಕ್ ಹೇಗೆ ಹಿಡೀತೀರಿ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಣಸೆ ಮರದ ಕೆಳಗೆ ಅರ್ಧ ಗಂಟೆ ಕೂತೆವು. ತೆಂಗಿನಕಾಯಿ ತುಂಬಿಕೊಂಡು ಬಂದ ಲಗೇಜ್ ಆಟೋಗೆ ಅವಳೇ ಕೈ ತೋರಿಸಿದಳು. ಕಾಯಿಯ ಮೂಟೆಗಳ ಮೇಲೆ ಎರಡು ಸೈಕಲ್ಲು, ಪಕ್ಕದಲ್ಲಿ ನಾವಿಬ್ಬರು.

ದಾರಿಯಲ್ಲಿ ಮೆಲ್ಲಗೆ ಹೇಳಿದೆ, "ಪುಟ್ಟಿ, ಬಿದ್ದದ್ದನ್ನು ಅಮ್ಮನಿಗೆ ಹೇಳೋದು ಬೇಡ. ಸೈಕಲ್ಲು ಕೆಟ್ಟುಹೋಯ್ತು ಅಂದುಬಿಡೋಣ. ಪೂರ್ತಿ ತೋಳಿನ ಶರ್ಟು ಹಾಕ್ಕೊಂಡ್ರೆ ಕಾಣಲ್ಲ." ಹೇಳಿದರೆ ಇದೇ ನಮ್ಮ ಕೊನೆಯ ಸವಾರಿ ಎಂಬ ಭಯ ನನಗೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತಾತ, ಬ್ಯಾಂಕಲ್ಲಿ ಲೆಕ್ಕ ತಾಳೆ ಆಗದಿದ್ರೆ ರಾತ್ರಿ ಆದ್ರೂ ಮನೆಗೆ ಬಿಡ್ತಿರಲಿಲ್ಲ ಅಂತ ನೀವೇ ಹೇಳ್ತೀರಲ್ಲ. ಖರ್ಚು ಬರೀದೇ ಇದ್ರೆ ತಾಳೆ ಆಗುತ್ತಾ?"

ಮೂವತ್ತಾರು ವರ್ಷ ಕೌಂಟರಿನಲ್ಲಿ ಕೂತು ಲೆಡ್ಜರು ಬರೆದವನಿಗೆ ಇದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಮೊಣಕೈ ನೋವೇ ವಾಸಿ ಎನಿಸಿತು.

ಮನೆಗೆ ಬಂದ ಕೂಡಲೇ ನಾನೇ ಎಲ್ಲ ಹೇಳಿದೆ. ತಿರುಗಿ ನೋಡಿದ್ದು, ಮುಂದಿನ ಬ್ರೇಕು, ನಡುಗಿದ ಕೈ, ಆಟೋ. ಮುಚ್ಚಿಡಲು ಯೋಚಿಸಿದ್ದನ್ನೂ ಹೇಳಿದೆ. ಸೊಸೆ ಮಾತಾಡದೆ ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿದಳು. ಮೂಳೆಗೆ ಏನೂ ಆಗಿರಲಿಲ್ಲ. ರಾತ್ರಿ ಊಟ ಬಡಿಸುವಾಗ ಹೇಳಿದಳು:

"ಮಾವ, ಗಾಯ ವಾಸಿಯಾಗೋವರೆಗೆ ಎಲ್ಲಿಗೂ ಇಲ್ಲ. ಆಮೇಲೆ ಹೋಗಿ. ನಾಲೆ ಏರಿ ಮೇಲೆ ಹೋಗಲಿಲ್ಲ, ಬಿದ್ದದ್ದನ್ನು ಮುಚ್ಚಿಡಲಿಲ್ಲ. ಹೇಳದೇ ಇದ್ದು ಆಮೇಲೆ ನನಗೆ ಗೊತ್ತಾಗಿದ್ರೆ ಖಂಡಿತ ಕಳಿಸ್ತಿರಲಿಲ್ಲ." ಮತ್ತೆ ಮಗಳ ಕಡೆ ತಿರುಗಿ, "ಇನ್ನು ಮುಂದೆ ನೀನು ಮುಂದೆ, ತಾತ ಹಿಂದೆ" ಎಂದಳು. ಹಿಂದೆ ತಿರುಗಿ ನೋಡುವ ಕೆಲಸವೇ ತಪ್ಪಿತು!

ಸಂಕ್ರಾಂತಿ ಕಳೆದ ಮೇಲೆ ಕರಿಘಟ್ಟದ ಕಡೆ, ಲೋಕಪಾವನಿ ಕಾವೇರಿಗೆ ಸೇರುವಲ್ಲಿಗೆ ಹೋಗುವ ಯೋಜನೆ ಇದೆ. ಅದಕ್ಕೆಂದು ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಮೊದಲ ಪುಟದಲ್ಲಿ ಮೇಲುಕೋಟೆಯ ಲೆಕ್ಕವಿದೆ. ನಾನು ಒಂದಕ್ಷರವನ್ನೂ ತಿದ್ದಿಲ್ಲ:

ಹೋದದ್ದು 31 ಕಿ.ಮೀ. ಬಂದದ್ದು ಸೈಕಲ್ಲಲ್ಲಿ 12, ಲಗೇಜ್ ಆಟೋದಲ್ಲಿ 13. ಪಂಕ್ಚರ್ 0. ನಾನು ಬಿದ್ದದ್ದು 0. ತಾತ ಬಿದ್ದದ್ದು 1. ಲೆಕ್ಕ ತಾಳೆ ಆಗಿದೆ.