ಕಪ್ಪು ಹೊಗೆ ಬಿಟ್ಟರೆ ಲಾರಿಗೆ ಕಸುವು ಬಂತೇ?

ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಅಕ್ಕಿಹೆಬ್ಬಾಳಿನ ಸುತ್ತಲ ಮಣ್ಣುರಸ್ತೆ, ನಾಲೆ ಏರಿಗಳ ಮೇಲೆ ಲಾರಿಗಳದೇ ಕಾರುಬಾರು. ಮಾಕವಳ್ಳಿ, ಪಾಂಡವಪುರದ ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲು ನಿಂತಾಗ ಡ್ರೈವರುಗಳ ಮಾತು ಸುತ್ತಿ ಸುತ್ತಿ ಬರುವುದು ಮೈಲೇಜಿಗೆ. ಅಲ್ಲಿ ಕೇಳಿಬರುವ ಸಲಹೆಗಳಲ್ಲಿ ಅರ್ಧಕ್ಕರ್ಧ ತಪ್ಪು.

ಏರು ಹತ್ತುವಾಗ ಕಪ್ಪು ಹೊಗೆ ಕಾರಿದರೆ ಪಿಕಪ್ ಚೆನ್ನಾಗಿದೆ ಎಂಬುದು ಹಳೆಯ ನಂಬಿಕೆ. ಆ ಹೊಗೆ ಸರಿಯಾಗಿ ಉರಿಯದ ಡೀಸೆಲ್ಲಿನ ಮಸಿ, ದುಡ್ಡು ಕೊಟ್ಟು ಹಾಕಿಸಿದ್ದು ಹಾಗೇ ಹೊರಗೆ ಹೋಗುತ್ತಿದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ 12 ಕೆ.ಜಿ. ಗಾಳಿ, ಅಂದರೆ ಸುಮಾರು 10,000 ಲೀಟರ್ ಗಾಳಿ ಬೇಕು. ಅಷ್ಟು ಸಿಗದಿದ್ದಾಗ ಪಂಪ್ ಸೆಟ್ಟಿಂಗ್ ಏರಿಸಿದರೆ ಏರುವುದು ಹೊಗೆ ಮಾತ್ರ.

ಹಾಗಾದರೆ ಗಾಳಿ ಧಾರಾಳವಾಗಿ ಬರಲೆಂದು ವಾರಕ್ಕೊಮ್ಮೆ ಏರ್ ಫಿಲ್ಟರ್ ಬಿಚ್ಚಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಗಾಳಿ ಹೊಡೆಸುವವರಿದ್ದಾರೆ. ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಹಳೆಯ ಲಾರಿಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಫಿಲ್ಟರ್ ಇರುತ್ತಿತ್ತು, ಅದನ್ನು ತೊಳೆಯಲೇಬೇಕಿತ್ತು. ಆ ಅಭ್ಯಾಸ ಕಾಗದದ ಫಿಲ್ಟರಿಗೂ ಅಂಟಿಕೊಂಡಿದೆ. ಕಾಗದದ ಮೇಲೆ ಕೂತ ತೆಳುವಾದ ದೂಳಿನ ಪದರ ತಾನೇ ಇನ್ನಷ್ಟು ನುಣ್ಣನೆಯ ದೂಳನ್ನು ತಡೆಯುತ್ತದೆ. ಹೊಸ ಫಿಲ್ಟರಿಗಿಂತ ಸ್ವಲ್ಪ ಬಳಸಿದ ಫಿಲ್ಟರೇ ಚೆನ್ನಾಗಿ ಸೋಸುತ್ತದೆ. ಕಂಪ್ರೆಸರಿನ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಅಲ್ಲಿಂದ ನುಸುಳಿದ ಮಣ್ಣು ಟರ್ಬೊ ರೆಕ್ಕೆಯನ್ನೂ ಲೈನರ್, ಪಿಸ್ಟನ್ ರಿಂಗುಗಳನ್ನೂ ಸವೆಸುತ್ತದೆ. ಆಮೇಲೆ ಬರುವುದು ನೀಲಿ ಹೊಗೆ, ಆಯಿಲ್ ಖರ್ಚು, ಎಂಜಿನ್ ಕೆಲಸ. ಫಿಲ್ಟರನ್ನೇ ತೆಗೆದು ಓಡಿಸುವವರ ಬಗ್ಗೆ ಹೇಳುವುದೇ ಬೇಡ.

ಇನ್ನೊಂದು ಮಾತೂ ಇದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಈಚಿನ ಪೆಟ್ರೋಲ್ ಕಾರುಗಳನ್ನು ಪರೀಕ್ಷಿಸಿದಾಗ, ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ, ಇಳಿದದ್ದು ಪಿಕಪ್. ಲಾರಿಯ ಡೀಸೆಲ್ ಎಂಜಿನ್ ಬೇರೆ, ಪೂರ್ತಿ ಕಟ್ಟಿಕೊಂಡರೆ ಅದು ಹೊಗೆಯುಗುಳುತ್ತದೆ. ಆದರೂ ಹೊಸ ಫಿಲ್ಟರಿನಿಂದ ಮೈಲೇಜ್ ಜಿಗಿಯುತ್ತದೆಂದು ಕಾಯಬೇಡಿ. ಅದು ಉಳಿಸುವುದು ಎಂಜಿನ್ನಿನ ಆಯಸ್ಸನ್ನು.

ನಿಜಕ್ಕೂ ಡೀಸೆಲ್ ಕುಡಿಯುವ ಜಾಗವನ್ನು ಯಾರೂ ನೋಡುವುದಿಲ್ಲ: ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು. ಕ್ಲಿಪ್ ಸಡಿಲಾದರೆ, ಹೋಸ್ ಸೀಳಿದರೆ ಒತ್ತಿ ತುಂಬಿದ ಗಾಳಿ ಹೊರಗೆ ಸೋರುತ್ತದೆ. ಲೋಡಿನಲ್ಲಿ ಸುಯ್ ಎಂಬ ಸದ್ದು, ಜಾಯಿಂಟಿನ ಸುತ್ತ ಎಣ್ಣೆ ಹತ್ತಿದ ಕಪ್ಪು ಕಲೆ ಇದರ ಗುರುತು. ಫಿಲ್ಟರಿನಿಂದ ಟರ್ಬೊಗೆ ಬರುವ ಹೋಸ್ ಸೀಳಿದರಂತೂ ಎಂಜಿನ್ ನೇರವಾಗಿ ದೂಳು ಕುಡಿಯುತ್ತದೆ.

ಸೈಲೆನ್ಸರ್ ಕಿತ್ತರೆ ಮೈಲೇಜ್ ಬರುತ್ತದೆಂಬುದೂ ಹುಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಹೊಗೆ ಶುದ್ಧ ಮಾಡುವ ಸಾಮಾನು ಅಲ್ಲೇ ಇದೆ, ಅದಕ್ಕೆ ಕೈ ಹಾಕಿದರೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತದಿಂದ ಲಾಭ ಅದನ್ನು ಮಾರುವವನಿಗೆ.

ಫಿಲ್ಟರ್ ಡಬ್ಬಿಯ ಮೇಲಿನ ಇಂಡಿಕೇಟರ್ ಕೆಂಪು ತೋರಿದಾಗ, ಇಲ್ಲವೇ ಕಂಪನಿ ಹೇಳಿದ ಗಡುವಿಗೆ, ಹೊಸ ಫಿಲ್ಟರ್ ಹಾಕಿಸಿ. ಅಲ್ಲಿಯವರೆಗೆ ಡಬ್ಬಿಯನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ.